ಮಾರ್ಷಾ ಪಿ. ಜಾನ್ಸನ್ ಕುರಿತು ಕಾಲೇಜಿನಲ್ಲಿ ಉಪನ್ಯಾಸ ಸಿದ್ಧಪಡಿಸುವ ಬಗೆ

ಹಾಸನದ ಪದವಿ ವಿದ್ಯಾರ್ಥಿಗಳ ಮುಂದೆ ಅಮೆರಿಕದ ಕಪ್ಪು ಟ್ರಾನ್ಸ್ ಮಹಿಳೆ ಮಾರ್ಷಾ ಪಿ. ಜಾನ್ಸನ್ ಅವರ ಬದುಕನ್ನು ಕುರಿತು ಮಾತನಾಡಲು ಹೊರಡುವವರು ಮೊದಲು ತಮ್ಮ ಮಾತನ್ನು ಹದಗೊಳಿಸಿಕೊಳ್ಳಬೇಕು. ಕನ್ನಡದಲ್ಲಿ ‘ಬಂದನು’, ‘ಬಂದಳು’ ಎಂದು ಕ್ರಿಯಾಪದವೇ ಲಿಂಗವನ್ನು ಹೇಳಿಬಿಡುವುದರಿಂದ, ಮಾತಿನ ಭರದಲ್ಲಿ ಒಮ್ಮೆ ತಪ್ಪಿದರೂ ಹಿಂದಿನ ಬೆಂಚುಗಳಲ್ಲಿ ನಗು ಏಳುತ್ತದೆ. ಆದ್ದರಿಂದ ಮೊದಲಿನಿಂದ ಕೊನೆಯವರೆಗೆ ‘ಅವರು ಬಂದರು’ ಎಂದೇ ಹೇಳುವುದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ರೂಢಿಸಿಕೊಳ್ಳಿ. ಬೈಗುಳವಾಗಿ ಬಳಕೆಯಾಗುವ ಪದಗಳನ್ನು ವಿವರಣೆಗೆಂದೂ ಉಚ್ಚರಿಸಬೇಡಿ.

ಜನನದ ವಿವರಕ್ಕೆ ಎರಡು ವಾಕ್ಯ ಸಾಕು. 1945ರ ಆಗಸ್ಟ್ 24ರಂದು ನ್ಯೂಜೆರ್ಸಿಯ ಎಲಿಜಬೆತ್ ಊರಿನಲ್ಲಿ ಹುಟ್ಟಿದ ಅವರು, 1963ರಲ್ಲಿ ಪ್ರೌಢಶಾಲೆ ಮುಗಿಸಿ, 15 ಡಾಲರ್ ಮತ್ತು ಒಂದು ಚೀಲ ಬಟ್ಟೆಯೊಂದಿಗೆ ನ್ಯೂಯಾರ್ಕ್ ಸೇರಿದರು. ಅರಸೀಕೆರೆಯಿಂದಲೋ ಸಕಲೇಶಪುರದಿಂದಲೋ ಒಂದೇ ಚೀಲ ಹಿಡಿದು ಬೆಂಗಳೂರಿನ ಬಸ್ಸು ಹತ್ತಿದವರನ್ನು ಕಂಡಿರುವ ನಮ್ಮ ವಿದ್ಯಾರ್ಥಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೆಸರಿನ ನಡುವಿನ ‘ಪಿ’ ಅಕ್ಷರವನ್ನು ಮಾತ್ರ ಮರೆಯಬೇಡಿ: ಗಂಡೋ ಹೆಣ್ಣೋ ಎಂದು ಕೇಳಿದವರಿಗೆ ಅವರು ‘ಪೇ ಇಟ್ ನೋ ಮೈಂಡ್’, ಅಂದರೆ ಅದನ್ನು ತಲೆಗೆ ಹಚ್ಚಿಕೊಳ್ಳಬೇಡಿ, ಎನ್ನುತ್ತಿದ್ದರು.

1969ರ ಜೂನ್ 28ರ ನಸುಕಿನಲ್ಲಿ ನ್ಯೂಯಾರ್ಕಿನ ಗ್ರೀನ್‌ವಿಚ್ ವಿಲೇಜ್‌ನ ಸ್ಟೋನ್‌ವಾಲ್ ಇನ್ ಎಂಬ, ಸಲಿಂಗಿಗಳು ಸೇರುತ್ತಿದ್ದ ಬಾರಿನ ಮೇಲೆ ನಡೆದ ಪೊಲೀಸ್ ದಾಳಿಗೆ ಪ್ರತಿಯಾಗಿ ಮೊದಲ ಇಟ್ಟಿಗೆ ಎಸೆದವರು ಮಾರ್ಷಾ ಎಂಬ ಕಥೆ ಎಲ್ಲೆಡೆ ಹಬ್ಬಿದೆ. ತಾವು ತಲುಪುವ ವೇಳೆಗೆ ಗಲಭೆ ಆಗಲೇ ಆರಂಭವಾಗಿತ್ತೆಂದು ಅವರೇ ಹೇಳಿದ್ದರಿಂದ, ಆ ಕಥೆಯನ್ನು ನೀವು ಮತ್ತೆ ಹೇಳಬೇಡಿ. ಅವರ ಹಿರಿಮೆಗೆ ಆ ಇಟ್ಟಿಗೆಯ ಅಗತ್ಯವಿಲ್ಲ.

ಸಾವಿನ ವಿಷಯವನ್ನು ಇಲ್ಲಿಯೇ, ಮಾತಿನ ನಡುವೆಯೇ ಹೇಳಿ ಮುಗಿಸಿ. 1992ರ ಜುಲೈ 6ರಂದು ಅವರ ದೇಹ ಹಡ್ಸನ್ ನದಿಯಲ್ಲಿ ಸಿಕ್ಕಿತು; ಪೊಲೀಸರು ಆತ್ಮಹತ್ಯೆಯೆಂದರು, ಗೆಳೆಯರು ಒಪ್ಪಲಿಲ್ಲ, 2012ರಲ್ಲಿ ಪ್ರಕರಣವನ್ನು ಮತ್ತೆ ತೆರೆಯಲಾಯಿತು. ನಾನು ಮೊದಲ ಸಲ ಮಾತನಾಡಿದಾಗ ಇದನ್ನೇ ಕೊನೆಗೆ ಇಟ್ಟುಕೊಂಡಿದ್ದೆ. ಸಭೆ ಮರುಕದಿಂದ ಮೌನವಾಯಿತು, ಆದರೆ ಅವರು ಮಾಡಿದ ಕೆಲಸ ಯಾರ ನೆನಪಿನಲ್ಲೂ ಉಳಿಯಲಿಲ್ಲ.

ಹೆಚ್ಚಿನ ಸಮಯವನ್ನು ಕೊಡಬೇಕಾದದ್ದು ಆ ಕೆಲಸಕ್ಕೆ. 1970ರಲ್ಲಿ ಮಾರ್ಷಾ ಮತ್ತು ಅವರ ಗೆಳತಿ ಸಿಲ್ವಿಯಾ ರಿವೆರಾ ‘ಸ್ಟಾರ್’ ಎಂಬ ಸಂಘಟನೆ ಕಟ್ಟಿ, ಮನೆಯಿಂದ ಹೊರದಬ್ಬಲ್ಪಟ್ಟ ಎಳೆಯರಿಗೆ ಮೊದಲು ನಿಂತಿದ್ದ ಲಾರಿಯ ಟ್ರೇಲರ್‌ನಲ್ಲಿ, ಬಳಿಕ ಒಂದು ಹಾಳುಬಿದ್ದ ಕಟ್ಟಡದಲ್ಲಿ ನೆಲೆ ಕೊಟ್ಟರು. ಆ ಮಕ್ಕಳು ಹೊಟ್ಟೆಪಾಡಿಗೆ ಮೈ ಮಾರಿಕೊಳ್ಳಬಾರದೆಂದು ಇವರಿಬ್ಬರು ತಾವೇ ಬೀದಿಯಲ್ಲಿ ದುಡಿದು ಬಾಡಿಗೆ ಮತ್ತು ಊಟದ ಖರ್ಚು ಹೊತ್ತರು. ಸ್ವತಃ ನಿಲ್ಲಲು ಜಾಗವಿಲ್ಲದವರು ಇನ್ನೊಬ್ಬರಿಗೆ ಸೂರು ಕಟ್ಟಿದ ಈ ಭಾಗವನ್ನು ಅವಸರವಿಲ್ಲದೆ ಹೇಳಿ.

ನಮ್ಮ ನಾಡಿನ ನೆನಪಾಗಿ, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದ ಟ್ರಾನ್ಸ್ ಮಹಿಳೆ, ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜೋಗತಿ ಅವರನ್ನೂ, ಲಿಂಗತ್ವವನ್ನು ತಾವೇ ಗುರುತಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿದ ಸುಪ್ರೀಂ ಕೋರ್ಟಿನ 2014ರ ತೀರ್ಪನ್ನೂ ಪ್ರಸ್ತಾಪಿಸಬಹುದು. ಜಿಲ್ಲೆಯ ಟ್ರಾನ್ಸ್ ಮಹಿಳೆಯೊಬ್ಬರನ್ನು ಕರೆಯುವುದಾದರೆ ಪ್ರಯಾಣದ ಖರ್ಚನ್ನೂ ಗೌರವಧನವನ್ನೂ ಮೊದಲೇ ತಿಳಿಸಿ. ಅವರ ದೇಹದ ಬಗ್ಗೆ ಯಾರೂ ಕೇಳಕೂಡದು. ಪ್ರಶ್ನೆಗಳನ್ನು ಹೆಸರಿಲ್ಲದ ಚೀಟಿಗಳಲ್ಲಿ ಬರೆಸಿಕೊಂಡು ನೀವೇ ಆರಿಸಿ ಓದಿ, ಏಕೆಂದರೆ ಕೈ ಎತ್ತಿ ಕೇಳಲಾರದ ವಿದ್ಯಾರ್ಥಿ ಆ ಕೋಣೆಯಲ್ಲಿ ಇರಬಹುದು.