ಎಡಗೈಗೆ ಇಳಿಸಿದ ಕೀಗಳು: ಎನ್‌ವಿಡಿಎ ಶಾರ್ಟ್‌ಕಟ್ ಬದಲಿಸಿಕೊಂಡ ನನ್ನ ಅನುಭವ

ಪರದೆಯ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ಎನ್‌ವಿಡಿಎ ಕೊಟ್ಟ ಕೀಗಳನ್ನು ಮುಟ್ಟಬೇಡ, ಇದ್ದಂತೆ ಕಲಿ ಅಂತ ನನಗೆ ಹೇಳದವರಿಲ್ಲ. ಬೇರೆ ಕಂಪ್ಯೂಟರ್ ಮುಂದೆ ಕೂತರೆ ಒದ್ದಾಡ್ತೀಯ ಅಂದರು. ಒತ್ತಬಾರದ್ದೇನೋ ಒತ್ತಿ ಗಿರಾಕಿಯ ಅರ್ಜಿ ಹಾಳು ಮಾಡ್ತೀಯ ಅಂತಲೂ ಹೆದರಿಸಿದರು. ಹಾಗೆ ಹೇಳಿದ ಗೆಳೆಯರೇ ಈಗ ನನ್ನ ಸೆಟ್ಟಿಂಗ್ ಫೈಲ್ ಕೇಳುತ್ತಿದ್ದಾರೆ. ಎಲ್ಲರಿಗೂ ಫೋನಿನಲ್ಲಿ ಹೇಳುವ ಬದಲು ಬರೆದೇ ಬಿಡೋಣ ಅಂತ ಕೂತೆ.

ಶಿರಸಿಯಲ್ಲಿ ನನ್ನದು ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ. ಪಹಣಿ, ಜಾತಿ-ಆದಾಯ ಪ್ರಮಾಣಪತ್ರ, ಸ್ಕಾಲರ್‌ಶಿಪ್, ಕುಮಟಾದಿಂದ ಹೊರಡುವವರಿಗೆ ರೈಲು ಟಿಕೆಟ್. ನನಗೆ ಕಣ್ಣು ಒಂಚೂರೂ ಕಾಣುವುದಿಲ್ಲ. ಗಿರಾಕಿ ಎದುರು ಕೂತು ಆಧಾರ್ ನಂಬರ್, ಸರ್ವೆ ನಂಬರ್ ಹೇಳುತ್ತಾ ಹೋಗುತ್ತಾರೆ. ಆಗ ನನ್ನ ಬಲಗೈ ನಂಬರ್ ಪ್ಯಾಡ್ ಬಿಟ್ಟು ಕದಲಬಾರದು. ಪುಟದಲ್ಲಿ ಓಡಾಡುವುದೆಲ್ಲ ಎಡಗೈಯ ಕೆಲಸ. ಎನ್‌ವಿಡಿಎಯಲ್ಲಿ ಒಂದು ಅಕ್ಷರ ಒತ್ತಿದರೆ ಪುಟದಲ್ಲಿ ಆ ಬಗೆಯ ಮುಂದಿನ ಜಾಗಕ್ಕೆ ಹಾರಬಹುದು. ಆದರೆ ಹೆಡಿಂಗಿನ ಎಚ್, ಲಿಂಕಿನ ಕೆ, ಲಿಸ್ಟಿನ ಎಲ್, ಲಿಂಕುಗಳ ರಾಶಿ ದಾಟಿಸುವ ಎನ್, ಇವೆಲ್ಲ ಕೀಬೋರ್ಡಿನ ಬಲಗಡೆ ಇವೆ. ಪ್ರತಿ ಸಲ ಕೈ ಎತ್ತಬೇಕು, ಮತ್ತೆ ಐದರ ಮೇಲಿನ ಗುಬುಟು ಹುಡುಕಬೇಕು. ಅಷ್ಟರಲ್ಲಿ ಗಿರಾಕಿ ನಾಲ್ಕು ಅಂಕೆ ಮುಂದೆ ಹೋಗಿರುತ್ತಾರೆ.

ಇದಕ್ಕೆ ಮೊದಲು ಹಣ ಸುರಿದು ನೋಡಿದೆ. ಎಂಟತ್ತು ಗುಂಡಿಯ ಮ್ಯಾಕ್ರೋ ಪ್ಯಾಡ್ ಒಂದನ್ನು ಹದಿನೆಂಟು ನೂರರ ಹತ್ತಿರ ಕೊಟ್ಟು ತರಿಸಿದೆ. ಅದರ ಗುಂಡಿಗಳಿಗೆ ಕೆಲಸ ಹಚ್ಚುವ ಸಾಫ್ಟ್‌ವೇರನ್ನೇ ರೀಡರ್ ಓದಲಿಲ್ಲ. ಬರೀ 'ಬಟನ್, ಬಟನ್, ಬಟನ್' ಅನ್ನುತ್ತಿತ್ತು. ವಾಪಸ್ ತೆಗೆದುಕೊಳ್ಳಲೂ ಒಪ್ಪಲಿಲ್ಲ. ಆಮೇಲೆ ಹುಬ್ಬಳ್ಳಿ ಕಡೆಯ ಒಬ್ಬರು ಎರಡೂವರೆ ಸಾವಿರ ತೆಗೆದುಕೊಂಡು, ಎಲ್ಲ ಸೆಟ್ ಮಾಡಿಕೊಡ್ತೇನೆ ಅಂತ ಬಂದರು. ಮಾತಿನ ವೇಗ ಬದಲಿಸಿದರು, ದನಿ ಬದಲಿಸಿದರು, ಕೀ ಮುಟ್ಟಲಿಲ್ಲ. ವೆಬ್ ಪುಟದ ಕೀ ಬದಲಿಸಲು ಬರೋದೇ ಇಲ್ಲ ಅಂದುಬಿಟ್ಟರು. ಹಣ ಕೊಟ್ಟು ಕೊಳ್ಳುವ ರೀಡರ್ ಹಾಕಿಕೋ ಅಂದವರೂ ಇದ್ದರು. ಒಂದು ಅರ್ಜಿಗೆ ನಲವತ್ತು-ಐವತ್ತು ರೂಪಾಯಿ ಸಿಗುವ ಅಂಗಡಿಗೆ ಅದು ಆಗುವ ಮಾತಲ್ಲ. 2006ರಿಂದ ಪುಕ್ಕಟೆಯಾಗಿ ಬೆಳೆದು ಬಂದ ಎನ್‌ವಿಡಿಎಯಲ್ಲೇ ದಾರಿ ಇರುವಾಗ ಬೇಕೂ ಇಲ್ಲ.

ಬರೋದಿಲ್ಲ ಅಂದವರು ಎಲ್ಲಿ ಎಡವುತ್ತಾರೆ ಗೊತ್ತಾ? ಯಾವ ಆಜ್ಞೆಗೆ ಯಾವ ಕೀ ಅಂತ ಬದಲಿಸುವ ಇನ್‌ಪುಟ್ ಜೆಸ್ಚರ್ಸ್ ಡಬ್ಬಿಯನ್ನು ಡೆಸ್ಕ್‌ಟಾಪ್ ಮೇಲೆ ನಿಂತು ತೆರೆಯುತ್ತಾರೆ. ಅಲ್ಲಿ ಹೆಡಿಂಗ್ ಅಂತ ಹುಡುಕಿದರೆ ಬ್ರೌಸ್ ಮೋಡಿನ, ಅಂದರೆ ವೆಬ್ ಪುಟದಲ್ಲಿ ಓಡಾಡುವಾಗಿನ, ಆಜ್ಞೆ ಸಿಗೋದೇ ಇಲ್ಲ. ಮೆನು ತೆರೆಯುವ ಮೊದಲು ನೀವು ಎಲ್ಲಿದ್ದಿರೋ ಅಲ್ಲಿ ನಡೆಯುವ ಆಜ್ಞೆಗಳನ್ನಷ್ಟೇ ಅದು ತೋರಿಸುತ್ತದೆ. ಬ್ರೌಸರಿನಲ್ಲಿ ಒಂದು ಪುಟ ತೆರೆದು, ಬ್ರೌಸ್ ಮೋಡಿನಲ್ಲಿ ನಿಂತು, ಆಮೇಲೆ ಎನ್‌ವಿಡಿಎ ಮೆನುವಿನಿಂದ ಒಳಗೆ ಹೋಗಿ. ಪೂರ್ತಿ ಪಟ್ಟಿ ಬರುತ್ತದೆ. ಕೊನೆಗೆ ಓಕೆ ಒತ್ತಿಯೇ ಹೊರಬನ್ನಿ.

ನಾನು ಮಾಡಿಕೊಂಡದ್ದು ಇಷ್ಟು. ಹೆಡಿಂಗ್ 'ಎ'ಗೆ ಬಂತು. ಅಲ್ಲಿದ್ದ ಅನೊಟೇಶನ್ (ಟಿಪ್ಪಣಿ) ನನಗೆ ಅರ್ಜಿ ಪುಟದಲ್ಲಿ ಎಂದೂ ಬೇಕಾಗಿಲ್ಲ. ಸೆಪರೇಟರ್ (ಭಾಗ ಮಾಡುವ ಗೆರೆ) ತೆಗೆದು 'ಎಸ್'ಗೆ ಬಟನ್ ಕೊಟ್ಟೆ. 'ಬಿ' ಕೂಡ ಎಡಗಡೆಯದೇ, ಆದರೆ ತೋರುಬೆರಳು ಅಷ್ಟು ಕೆಳಗೆ ಚಾಚಬೇಕು. ಲಿಂಕ್ 'ಡಬ್ಲ್ಯೂ'ಗೆ, ಲಿಂಕುಗಳ ರಾಶಿ ದಾಟುವುದು 'ಝಡ್'ಗೆ. ಎಡಿಟ್ ಬಾಕ್ಸಿನ 'ಇ', ಫಾರ್ಮ್ ಫೀಲ್ಡಿನ 'ಎಫ್', ಪಟ್ಟಿಯಿಂದ ಆರಿಸುವ ಕಾಂಬೊದ 'ಸಿ', ಚೆಕ್‌ಬಾಕ್ಸಿನ 'ಎಕ್ಸ್', ರೇಡಿಯೋದ 'ಆರ್' ಮೊದಲೇ ಎಡಗೈ ಕೆಳಗಿವೆ. ಅವನ್ನು ಮುಟ್ಟಲಿಲ್ಲ. ಶಿಫ್ಟ್ ಸೇರಿಸಿದರೆ ತಾನಾಗಿ ಹಿಂದೆ ಹೋಗುತ್ತದೆ ಅಂದುಕೊಳ್ಳಬೇಡಿ. ಹಿಂದಿನ ಹೆಡಿಂಗ್ ಅನ್ನುವುದು ಬೇರೆಯೇ ಆಜ್ಞೆ. ಶಿಫ್ಟ್ ಎ ಅನ್ನು ಅದಕ್ಕೆ ಬೇರೆಯಾಗಿ ಹಚ್ಚಬೇಕು.

ಬೇರೆ ಕೀಗಳ ಜೊತೆ ಸೇರಿಸಿ ಒತ್ತುವ ಎನ್‌ವಿಡಿಎ ಕೀ ಆಗಿ ಕ್ಯಾಪ್ಸ್ ಲಾಕ್ ಇಟ್ಟುಕೊಂಡೆ. ಪುಟದ ಲಿಂಕು, ಹೆಡಿಂಗುಗಳನ್ನು ಪಟ್ಟಿ ಮಾಡಿ ತೋರಿಸುವ ಎಲಿಮೆಂಟ್ಸ್ ಲಿಸ್ಟ್ ಮೊದಲು ಎಫ್7ರ ಜೊತೆ ಇತ್ತು. ನನ್ನ ಲ್ಯಾಪ್‌ಟಾಪಿನಲ್ಲಿ ಅದಕ್ಕೆ ಎಫ್‌ಎನ್ ಕೂಡ ಒತ್ತಬೇಕು, ಅಂದರೆ ಮೂರು ಕೀ. ಅದನ್ನು ಕ್ಯಾಪ್ಸ್ ಲಾಕ್ ಝಡ್‌ಗೆ ಇಳಿಸಿದೆ. ಕ್ಯಾಪ್ಸ್ ಲಾಕ್ ಕ್ಯೂ ಹತ್ತಿರ ಮಾತ್ರ ಏನೂ ಇಡಬೇಡಿ, ಅದು ರೀಡರನ್ನೇ ಮುಚ್ಚುವ ಕೀ. ನಂಬರ್ ಪ್ಯಾಡ್‌ನ ಎಂಟರ್ ಒತ್ತಿದರೆ ಬಾಕ್ಸಿನ ಒಳಗೆ ಹೋಗುತ್ತದೆ, ಎಡಗೈಯ ಎಸ್ಕೇಪ್ ಹೊರಗೆ ತರುತ್ತದೆ. ನಮ್ ಲಾಕ್ ಆನ್ ಇರಲಿ, ಇಲ್ಲದಿದ್ದರೆ ಪ್ಯಾಡ್ ಅಂಕೆ ಬರೆಯದೆ ಓದಲು ಶುರು ಮಾಡುತ್ತದೆ. ಈಗ 'ಇ', ಎಂಟರ್, ಅಂಕೆಗಳು, ಎಸ್ಕೇಪ್, ಮತ್ತೆ 'ಇ'. ಎರಡೂ ಕೈ ಇದ್ದಲ್ಲೇ ಇರುತ್ತವೆ. ಅರ್ಧ ಗಂಟೆ ಹಿಡಿಯುತ್ತಿದ್ದ ಸ್ಕಾಲರ್‌ಶಿಪ್ ಅರ್ಜಿ ಈಗ ಹನ್ನೆರಡು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ, ನೆಟ್ ಕೈಕೊಡದಿದ್ದರೆ. ಪೇಟೆಯಲ್ಲಿ ಕಣ್ಣಿರುವ ಹುಡುಗರ ಅಂಗಡಿಗಳೂ ಇವೆ. ಜೂನ್ ತಿಂಗಳ ಗಡಿಬಿಡಿಯಲ್ಲಿ ಅಲ್ಲಿಂದ ಎದ್ದು ನನ್ನ ಬೆಂಚಿಗೆ ಬಂದು ಕೂತವರಿದ್ದಾರೆ.

ಅರ್ಜಿಯಲ್ಲಿ ಜನ್ಮದಿನಾಂಕಕ್ಕೆ ಬರುವ ಕ್ಯಾಲೆಂಡರ್ ಪೆಟ್ಟಿಗೆಯನ್ನು ನಾನು ಎರಡೇ ಕೀಯಲ್ಲಿ ದಾಟುತ್ತೇನೆ. ಅದು ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ, ಅದರಲ್ಲೇ ನನ್ನ ಹೊಟ್ಟೆಪಾಡಿದೆ.

ಅಡಿಕೆ ದರದ ಟೇಬಲ್ ಬೇರೆಯೇ ಕಥೆ. ಸಂಜೆಯಾದರೆ ಊರಿನವರು ರಾಶಿ ಎಷ್ಟು, ಚಾಲಿ ಎಷ್ಟು, ಕೆಂಪುಗೋಟು ಎಷ್ಟು ಅಂತ ಕೇಳಿಕೊಂಡು ಬರುತ್ತಾರೆ. ಟೇಬಲಿನಲ್ಲಿ ಓಡಾಡಲು ಕಂಟ್ರೋಲ್ ಆಲ್ಟ್ ಮತ್ತು ಬಾಣದ ಕೀ ಅಲ್ವಾ? ಒಂದು ದಿನ ಕೆಳಬಾಣ ಒತ್ತುತ್ತಿದ್ದಾಗ ಅಕ್ಕ ಒಳಗೆ ಬಂದು, "ಎಂತದೋ ಇದು, ಸ್ಕ್ರೀನ್ ತಲೆಕೆಳಗಾಗಿ ಕೂತಿದ್ಯಲ್ಲ!" ಅಂದಳು. ಹಳೆಯ ಲ್ಯಾಪ್‌ಟಾಪುಗಳ ಇಂಟೆಲ್ ಗ್ರಾಫಿಕ್ಸಿನಲ್ಲಿ ಪರದೆ ತಿರುಗಿಸಲೂ ಇವೇ ಕೀಗಳಿವೆ. ಕಿವಿಯಲ್ಲಿ ಕೆಲಸ ಮಾಡುವವರಿಗೆ ಅದು ತಿಳಿಯುವುದು ಹೇಗೆ? ಗ್ರಾಫಿಕ್ಸ್ ಸೆಟ್ಟಿಂಗಿನಲ್ಲಿ ಅದರ ಹಾಟ್‌ಕೀ ಬಂದ್ ಮಾಡಿದೆ. ಟೇಬಲ್ ಆಜ್ಞೆಗಳನ್ನೂ ಕ್ಯಾಪ್ಸ್ ಲಾಕ್ ಆಲ್ಟ್ ಜೊತೆ ಡಬ್ಲ್ಯೂ, ಎ, ಎಸ್, ಡಿಗೆ ತಂದೆ. ಮೇಲೆ, ಎಡಕ್ಕೆ, ಕೆಳಗೆ, ಬಲಕ್ಕೆ. ಈಗ ಗರಿಷ್ಠ ದರದ ಕಾಲಮ್ ಹಿಡಿದು ಕೆಳಗಿಳಿಯುತ್ತಾ ಹೋದರೆ ಒಂದೊಂದೇ ಜಾತಿಯ ದರ ಕಿವಿಗೆ ಬೀಳುತ್ತದೆ.

ಕನ್ನಡ ದನಿಗೂ ಒಂದು ಪ್ರಯೋಗ ಮಾಡಿದೆ. ಬರಹವನ್ನು ಮಾತಾಗಿಸುವ ಇಸ್ಪೀಕ್‌ನ ಕನ್ನಡ ದನಿ ಇಟ್ಟು ಬೇರೆ ಪ್ರೊಫೈಲ್ (ಸೆಟ್ಟಿಂಗುಗಳ ಬೇರೆ ಗುಂಪು) ಮಾಡಿದೆ. ಪ್ರತಿ ಪ್ರೊಫೈಲಿನ ಹೆಸರೂ ಇನ್‌ಪುಟ್ ಜೆಸ್ಚರ್ಸ್‌ನಲ್ಲಿ ಬರುತ್ತದೆ, ಅದಕ್ಕೂ ಕೀ ಕೊಡಬಹುದು. ಒಂದು ಒತ್ತಿಗೆ ಕನ್ನಡ, ಇನ್ನೊಂದು ಒತ್ತಿಗೆ ಹಳೆಯ ಇಂಗ್ಲಿಷ್ ದನಿ. ಇದೇ ಹುಮ್ಮಸ್ಸಿನಲ್ಲಿ ಒಂದೊಂದು ಪ್ರೊಫೈಲಿಗೆ ಒಂದೊಂದು ಕೀ ಗುಂಪು ಇಡೋಣ ಅಂತ ಹೊರಟೆ. ಆಗಲಿಲ್ಲ. ಕೀಗಳು ಪ್ರೊಫೈಲಿನ ಜೊತೆ ಬದಲಾಗುವುದಿಲ್ಲ, ಎಲ್ಲಕ್ಕೂ ಒಂದೇ ಫೈಲ್.

ಆ ಒಂದೇ ಫೈಲ್ ಅನ್ನುವುದರಲ್ಲೇ, ಬೇರೆ ಕಂಪ್ಯೂಟರಿನಲ್ಲಿ ಒದ್ದಾಡ್ತೀಯ ಅಂದವರಿಗೆ ಉತ್ತರ ಇದೆ. ಅದರ ಹೆಸರು ಜೆಸ್ಚರ್ಸ್ ಡಾಟ್ ಐಎನ್‌ಐ, ಎನ್‌ವಿಡಿಎಯ ಯೂಸರ್ ಕಾನ್ಫಿಗರೇಶನ್ ಫೋಲ್ಡರಿನಲ್ಲಿ ಇರುತ್ತದೆ. ನನ್ನ ಪೆನ್‌ಡ್ರೈವಿನಲ್ಲಿ ಇನ್‌ಸ್ಟಾಲ್ ಮಾಡದೆ ಓಡುವ ಎನ್‌ವಿಡಿಎ ಪೋರ್ಟಬಲ್ ಕಾಪಿಯ ಜೊತೆ ಇದೂ ಇದೆ. ಎಲ್ಲಿ ಚುಚ್ಚಿದರೂ ನನ್ನ ಕೀಗಳೇ.

ಶುರು ಮಾಡುವವರು 'ಎಚ್'ನಿಂದ ಹೆಡಿಂಗ್ ಕಿತ್ತು ಹಾಕಬೇಡಿ. ಒಂದು ಆಜ್ಞೆಗೆ ಎರಡು ಕೀ ಇದ್ದರೆ ತೊಂದರೆ ಇಲ್ಲ. ಅನುಮಾನ ಬಂದಾಗ ಕ್ಯಾಪ್ಸ್ ಲಾಕ್ ಜೊತೆ ಅಕ್ಷರಗಳ ಮೇಲಿನ ಸಾಲಿನ 1ರ ಕೀ ಒತ್ತಿ ಇನ್‌ಪುಟ್ ಹೆಲ್ಪ್ ಹಾಕಿಕೊಳ್ಳಿ. ಯಾವ ಕೀ ಏನು ಮಾಡುತ್ತದೆ ಅಂತ ಹೇಳುತ್ತದೆ, ಮಾಡುವುದಿಲ್ಲ. ಗಿರಾಕಿಯ ಅರ್ಜಿ ಅರ್ಧಕ್ಕೆ ತೆರೆದಿರುವಾಗಲೂ ಧೈರ್ಯವಾಗಿ ಒತ್ತಿ ನೋಡಬಹುದು.