ಬೆಳಗಿನ ಜಾವ ಐದು ಗಂಟೆಯ ಬಾರ್ತೆಲ್: ನನ್ನ ಅನುಭವ

ಕೋಲಾರದ ಒಂದು ಆಸ್ಪತ್ರೆಯ ರಿಹ್ಯಾಬ್ ವಾರ್ಡಿನಲ್ಲಿ ಫಿಸಿಯೊ ಆಗಿ ಹನ್ನೊಂದು ವರ್ಷವಾಯಿತು. ಊಟ, ಸ್ನಾನ, ನಡಿಗೆಯಂಥ ದಿನದ ಕೆಲಸಗಳನ್ನು ರೋಗಿ ಎಷ್ಟರಮಟ್ಟಿಗೆ ತಾನೇ ಮಾಡಿಕೊಳ್ಳುತ್ತಾರೆ ಎಂದು ನೂರಕ್ಕೆ ಅಂಕ ಹಾಕುವ ಪಟ್ಟಿಗೆ ಬಾರ್ತೆಲ್ ಅನ್ನುತ್ತೇವೆ. "ಬಾರ್ತೆಲ್ ತುಂಬಿಸೋಕೆ ಬೆಳಗಿನ ಜಾವ ಐದಕ್ಕೆ ಯಾರಾದರೂ ಬರ್ತಾರಾ?" ಎಂದು ಕೇಳಿದ್ದವರೇ ಈಗ ನನ್ನ ಶೀಟನ್ನು ಜೆರಾಕ್ಸ್ ಮಾಡಿಸಿಕೊಂಡು ಹೋಗುತ್ತಿದ್ದಾರೆ. ಅದಕ್ಕೇ ಬರೆಯೋಣ ಅನ್ನಿಸಿತು.

ಮೊದಲು ನಾನೂ ಎಲ್ಲರಂತೆ ರೌಂಡ್ಸ್ ಮುಗಿದ ಮೇಲೆ ಹನ್ನೊಂದು ಗಂಟೆಗೆ ಮಂಚದ ಪಕ್ಕ ನಿಂತು ಕೇಳಿ ಬರೆದುಕೊಳ್ಳುತ್ತಿದ್ದೆ. ಮುಳಬಾಗಿಲು ಕಡೆಯ ಒಬ್ಬ ತಾತ, ಲಕ್ವ ಹೊಡೆದು ಎಡಗಡೆ ಸೋತಿತ್ತು. ಸೊಸೆ "ಎಲ್ಲಾ ಅವರೇ ಮಾಡ್ಕೊಂತಾರೆ ಸಾರ್" ಅಂದಳು, ನಾನು 80 ಬರೆದೆ. ಬೀಳುವ ಅಪಾಯ ಎಷ್ಟೆಂದು ಅಳೆಯುವ ಮೋರ್ಸ್ ಸ್ಕೇಲಿನಲ್ಲಿ ಸಕ್ಕರೆ ಕಾಯಿಲೆಯೂ ಇದ್ದುದಕ್ಕೆ 15, ಕೋಲಿಗೆ 15, ನಡಿಗೆಗೆ 10, ಒಟ್ಟು 40. ನಮ್ಮಲ್ಲಿ 45 ದಾಟಿದರಷ್ಟೇ ಹೈ ರಿಸ್ಕ್. ಮೂರನೇ ರಾತ್ರಿ ನಾಲ್ಕೂವರೆ ಸುಮಾರಿಗೆ ಬಚ್ಚಲ ಹೊಸ್ತಿಲಲ್ಲಿ ಬಿದ್ದರು, ತೊಡೆಮೂಳೆಯ ಕತ್ತು ಮುರಿಯಿತು. ಆಪರೇಷನ್ನಿಗೆ ಲಕ್ಷದ ಮೇಲಾಯಿತು, ಮನೆಯವರು ಎರಡು ಸೀಮೆಹಸು ಮಾರಿದರು. ಆಮೇಲೆ ಪಕ್ಕದ ಮಂಚದವರು ಹೇಳಿದ್ದು: ತಾತ ರಾತ್ರಿ ಹೊತ್ತು ಕೋಲು ಮುಟ್ಟುತ್ತಲೇ ಇರಲಿಲ್ಲ, ಮಂಚ, ಗೋಡೆ ಹಿಡಿದುಕೊಂಡೇ ಹೋಗುತ್ತಿದ್ದರು. ಹಾಗೆ ನಡೆಯುವವರಿಗೆ ಮೋರ್ಸ್‌ನಲ್ಲಿ 15 ಅಲ್ಲ, 30. ಅಂದರೆ 55. ಹಗಲು ಕಂಡದ್ದನ್ನು ಬರೆದು ರಾತ್ರಿಯದನ್ನು ಬಿಟ್ಟೆ. ಆ ಕೇಸ್ ಶೀಟು ಇವತ್ತಿಗೂ ಕಣ್ಣ ಮುಂದೆ ಬರುತ್ತದೆ.

ಅಲ್ಲಿಂದ ಐದು ಗಂಟೆಗೆ ಹೋಗಲು ಶುರುಮಾಡಿದೆ. ಮಲಗಿದ್ದಾಗ ಬಿಪಿ, ನಿಂತು ಒಂದು ನಿಮಿಷವಾದ ಮೇಲೆ ಒಂದು ಸಲ, ಮೂರು ನಿಮಿಷವಾದ ಮೇಲೆ ಇನ್ನೊಂದು ಸಲ. ಮೇಲಿನದು 20 ಇಳಿದರೆ ಆವತ್ತು ಒಬ್ಬರೇ ನಡೆಯುವಂತಿಲ್ಲ, ಡಾಕ್ಟರಿಗೆ ಹೇಳಿ ಮಾತ್ರೆ ನೋಡಿಸುತ್ತೇನೆ. ಆಮೇಲೆ ರೋಗಿಯ ಸೊಂಟಕ್ಕೆ ಬೆಲ್ಟ್ ಕಟ್ಟಿ ಒಂದು ಕೈ ದೂರದಲ್ಲಿ ಹಿಂದೆ ಹೋಗುತ್ತೇನೆ. ಏಳುವುದು, ಚಪ್ಪಲಿ ಹುಡುಕುವುದು, ಹೊಸ್ತಿಲು ದಾಟುವುದು, ಕೂರುವುದು, ತೊಳೆದುಕೊಳ್ಳುವುದು, ಪಂಚೆ ಕಟ್ಟಿಕೊಳ್ಳುವುದು, ಎಲ್ಲಾ ಕಣ್ಣಾರೆ ನೋಡಿ ಅಂಕ. ಮಾಡಬಲ್ಲರು ಅನ್ನುವುದಕ್ಕಲ್ಲ, ಮಾಡಿದ್ದಕ್ಕೆ ಅಂಕ. ಬಾರ್ತೆಲ್ ಹೇಳುವುದೂ ಅದನ್ನೇ. ಜೊತೆಗಿರುವವರನ್ನು ಆ ಹತ್ತು ನಿಮಿಷ ಮನಸ್ಸು ನೋಯದಂತೆ ಹೊರಗೆ ಕಳಿಸುವ ಮಾತೊಂದಿದೆ, ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಟಾಯ್ಲೆಟ್ಟಿನ 10 ಅಂಕದ ಹಿಂದೆ ನಮ್ಮ ಕಡೆ ಎಷ್ಟೊಂದು ಇದೆ ಎಂದು ಆಗ ಗೊತ್ತಾಯಿತು. ಎಡಗೈ ಸೋತವರು ತೊಳೆಯಲು ಬಲಗೈ ಬಳಸಬೇಕು. ಬಂಗಾರಪೇಟೆಯ ಒಬ್ಬ ಅಜ್ಜಿ "ಉಣ್ಣೋ ಕೈನಾಗಾ? ಸತ್ರೂ ಆಗಲ್ಲ ಕಣಪ್ಪಾ" ಅಂದರು. ಸೋತ ಎಡಗೈಯಲ್ಲೇ ಮಗ್ಗು ಹಿಡಿಯಲು ಹೋಗಿ ವಾಲುತ್ತಿದ್ದರು. ಯಾವ ಸ್ಕೇಲಿನಲ್ಲೂ ಇದಕ್ಕೆ ಜಾಗವಿಲ್ಲ. ನಳಕ್ಕೆ ಉದ್ದನೆ ಪೈಪು ಹಾಕಿಸಿದ ಮೇಲೆ ವಾಲುವುದು ನಿಂತಿತು, ಇನ್ನೂರು ರೂಪಾಯಿಯ ಕೆಲಸ.

ದುಡ್ಡು ದಂಡವಾದದ್ದೂ ಇದೆ. ಆನ್‌ಲೈನಿನಲ್ಲಿ ಮೂರೂವರೆ ಸಾವಿರ ಕೊಟ್ಟು ತರಿಸಿದ ಬೆಡ್ ಅಲಾರಂ ರೋಗಿ ಮಗ್ಗುಲು ಬದಲಿಸಿದರೂ ಕೂಗುತ್ತಿತ್ತು, ಎರಡೇ ದಿನಕ್ಕೆ ಸಿಸ್ಟರ್ ಕಿತ್ತಿಟ್ಟರು. ಬೀಳುವ ಅಪಾಯವಿದೆ ಎಂಬ ಗುರುತಿಗೆ ಕೆಂಪು ಪಟ್ಟಿ ಕೈಗೆ ಕಟ್ಟಿದೆವು, ಅವಮಾನವೆಂದು ಬಿಚ್ಚಿಹಾಕಿದರು. ಕೆಲಸಕ್ಕೆ ಬಂದದ್ದು ಗ್ರಿಲ್ ಅಂಗಡಿಯಲ್ಲಿ ಎರಡು ಸಾವಿರದೊಳಗೆ ಮಾಡಿಸಿದ ಕಬ್ಬಿಣದ ಹಿಡಿ. ಎತ್ತರ, ಕೋನ ಸರಿಹೋಗಲು ಮೂರು ಸಲ ಗೋಡೆ ಕೊರೆಸಿದ್ದೇನೆ, ಅಳತೆ ಬೇಕಾದವರು ಟೇಪು ತಂದು ಅಳೆದುಕೊಳ್ಳಲಿ. ಐದೂಕಾಲಕ್ಕೆ ಫಿನಾಯಿಲ್ ಹಾಕಿ ನೆಲ ಒರೆಸುತ್ತಿದ್ದುದನ್ನು ಆರೂವರೆಗೆ ಹಾಕಿಸಲು ಎರಡು ತಿಂಗಳು ಗೋಗರೆಯಬೇಕಾಯಿತು.

ನಾನು ಲೆಕ್ಕ ಬರೆದಿಡುವ ಪುಸ್ತಕದಲ್ಲಿ ಕಂಡ ಇನ್ನೊಂದು ಸಂಗತಿ: ಹೆಚ್ಚು ಬೀಳುವವರು ಬಾರ್ತೆಲ್ 20 ಇರುವವರಲ್ಲ, 45ರಿಂದ 70ರವರೆಗಿನವರು. ಏಳಲಾಗದವರು ಬೀಳುವುದು ಕಡಿಮೆ. ಮೊನ್ನೆಯಷ್ಟೇ ನಿಲ್ಲಲು ಕಲಿತವರಿಗೆ ಧೈರ್ಯ ಮೊದಲು ಬರುತ್ತದೆ, ಕಾಲಿನ ಹಿಡಿತ ಆಮೇಲೆ. ಹಾಗಾಗಿ ಬಾರ್ತೆಲ್ ಅಂಕ 15 ಏರಿದ ದಿನವೇ ಮೋರ್ಸ್ ಮತ್ತೆ ಮಾಡುತ್ತೇನೆ, ವಾರಕ್ಕೊಮ್ಮೆ ಎಂದು ಕಾಯುವುದಿಲ್ಲ.

ನಡುವೆ ಟಗ್ ಜೊತೆ ಒಂದು ಪ್ರಯೋಗ ಮಾಡಿದೆ. ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲು ಎಷ್ಟು ಸೆಕೆಂಡ್ ಬೇಕು ಎಂದು ನೋಡುವ ಪರೀಕ್ಷೆ ಅದು. ನಡೆಯುವಾಗ ನೂರರಿಂದ ಮೂರು ಮೂರು ಕಳೆಯಿರಿ ಅಂದರೆ ಶಾಲೆ ಕಾಣದವರು ಕಂಗಾಲಾಗುತ್ತಾರೆ. ಬದಲಿಗೆ ಟೊಮೇಟೊ ಲೆಕ್ಕ ಕೇಳಿದೆ: "ಬಾಕ್ಸು ನಾನೂರರಂಗೆ ಏಳು ಬಾಕ್ಸಿಗೆ ಎಷ್ಟಾಯ್ತು ಗೌಡ್ರೇ?" ಎಪಿಎಂಸಿಗೆ ಮಾಲು ಹಾಕಿ ತಲೆ ನರೆತವರು, ಲೆಕ್ಕ ತಪ್ಪುವುದಿಲ್ಲ. ಆದರೆ ಒಬ್ಬರು ಮೂರು ಮೀಟರ್ ನಡುವೆ ಗಕ್ಕನೆ ನಿಂತು ಉತ್ತರ ಕೊಟ್ಟು ಮತ್ತೆ ಹೆಜ್ಜೆ ಇಟ್ಟರು. ಸುಮ್ಮನೆ ನಡೆದಾಗ 16 ಸೆಕೆಂಡ್, ಲೆಕ್ಕ ಮಾಡುತ್ತಾ 27. ಮಾತಾಡಲು ನಿಲ್ಲುವವರಿಗೆ ಸ್ಕೇಲ್ ಏನೇ ಹೇಳಲಿ, ರಾತ್ರಿ ಜೊತೆಗೊಬ್ಬರು ಇರಲೇಬೇಕು ಎಂದು ಬರೆಯುತ್ತೇನೆ.

ಹಿಂದೆ ಆರು ತಿಂಗಳಿಗೆ ಎಂಟೊಂಬತ್ತು ಜನ ಬೀಳುತ್ತಿದ್ದರು. ಈಚಿನ ಆರು ತಿಂಗಳಲ್ಲಿ ಇಬ್ಬರು, ಮೂಳೆ ಮುರಿದಿಲ್ಲ. ಇಬ್ಬರೂ ಬಿದ್ದದ್ದು ಹಗಲು ಹೊತ್ತು, ಒಗೆದ ಬಟ್ಟೆಯನ್ನು ಕಿಟಕಿಯ ಸರಳಿಗೆ ಹರವಲು ತಲೆಯೆತ್ತಿ ಕೈಚಾಚಿದಾಗ. ಅದನ್ನು ನಾನು ಪರೀಕ್ಷಿಸಿಯೇ ಇರಲಿಲ್ಲ. ಹೋದ ವಾರದಿಂದ ಶೀಟಿನಲ್ಲಿ ಅದಕ್ಕೊಂದು ಸಾಲು ಸೇರಿಸಿದ್ದೇನೆ, ಒದ್ದೆ ಟವೆಲ್ಲು ಕೊಟ್ಟು ಹರವಿಸಿ ನೋಡುತ್ತಿದ್ದೇನೆ.