ಕಾರಿನ ಬಣ್ಣ ಉಬ್ಬಿ ತುಕ್ಕು ಕಂಡರೆ ವಾರಂಟಿ ಕೇಳುವ ಕ್ರಮ

ಮಂಗಳೂರು, ಉಡುಪಿ ಕಡೆಯ ಉಪ್ಪುಗಾಳಿಯಲ್ಲಿ ಓಡುವ ಕಾರಿನ ಬಾಗಿಲಿನ ಕೆಳಗಿನ ಅಂಚಿನಲ್ಲೋ ಡಿಕ್ಕಿಯ ಸಂದಿನಲ್ಲೋ ಬಣ್ಣ ಗುಳ್ಳೆಯಂತೆ ಉಬ್ಬಿದ್ದರೆ, ಅದನ್ನು ಕೆರೆಯದೆ, ಹೊರಗಿನ ಗ್ಯಾರೇಜಿನಲ್ಲಿ ಟಚಪ್ ಮಾಡಿಸದೆ, ಮೊದಲು ದಿನಾಂಕ ಸಹಿತ ಫೋಟೋ ತೆಗೆದುಕೊಳ್ಳಿ. ಒಮ್ಮೆ ಹೊರಗೆ ಬಣ್ಣ ಹಚ್ಚಿಸಿದರೆ ಮೂಲ ದೋಷವನ್ನು ತೋರಿಸುವುದು ಬಹಳ ಕಷ್ಟ.

ಹಲವು ಕಂಪನಿಗಳ ವಾರಂಟಿ ಪುಸ್ತಿಕೆಯಲ್ಲಿ ಬಣ್ಣದ ದೋಷಕ್ಕೂ, ಒಳಗಿನಿಂದ ತಗಡನ್ನು ತಿಂದು ತೂತು ಮಾಡುವ ತುಕ್ಕಿಗೂ ಬೇರೆ ಬೇರೆ ಅವಧಿ ಇರುತ್ತದೆ. ಕಲ್ಲೇಟು, ಹಕ್ಕಿ ಹಿಕ್ಕೆ, ಉಪ್ಪಿನ ಪರಿಣಾಮಗಳನ್ನು ಸಾಮಾನ್ಯವಾಗಿ ಹೊರಗಿಟ್ಟಿರುವುದರಿಂದ, ಗುಳ್ಳೆಯ ಸುತ್ತ ಏಟಿನ ಗುರುತಿಲ್ಲವೆಂದು ತೋರಿಸುವ ಹತ್ತಿರದ ಚಿತ್ರಗಳೇ ನಿಮಗೆ ದೊಡ್ಡ ಆಧಾರ.

ಸರ್ವಿಸ್ ಸೆಂಟರಿನಲ್ಲಿ ದೂರನ್ನು ಜಾಬ್ ಕಾರ್ಡಿನಲ್ಲಿ (ಕಾರು ಬಿಡುವಾಗ ಮಾಡಬೇಕಾದ ಕೆಲಸಗಳನ್ನು ಬರೆದುಕೊಳ್ಳುವ ಚೀಟಿ) ಬರೆಸಿ ಪ್ರತಿ ಪಡೆಯಿರಿ; "ಮುಂದಿನ ಸರ್ವಿಸ್‌ಗೆ ನೋಡೋಣ ಸಾರ್" ಎಂಬ ಬಾಯಿಮಾತು ವಾರಂಟಿ ಅವಧಿ ಮುಗಿದ ಮೇಲೆ ಯಾವ ಕೆಲಸಕ್ಕೂ ಬರುವುದಿಲ್ಲ. ನಿರಾಕರಿಸಿದರೆ ಕಾರಣವನ್ನು ಇಮೇಲ್‌ನಲ್ಲಿ ಕೇಳಿ, ಅದನ್ನೇ ಲಗತ್ತಿಸಿ ತಯಾರಕ ಕಂಪನಿಯ ಗ್ರಾಹಕ ವಿಭಾಗಕ್ಕೆ ಬರೆಯಿರಿ. ಒಪ್ಪಿದರೆ, ತುಕ್ಕನ್ನು ಪೂರ್ತಿ ತೆಗೆದು ಪ್ರೈಮರ್ ಹಚ್ಚಿ ಆ ಪ್ಯಾನೆಲ್‌ಗೆ (ಬಾಗಿಲು, ಡಿಕ್ಕಿಯಂಥ ಭಾಗಕ್ಕೆ) ಇಡಿಯಾಗಿ ಬಣ್ಣ ಹಚ್ಚುತ್ತಾರೆಯೇ, ದುರಸ್ತಿಗೆ ವಾರಂಟಿ ಎಷ್ಟು ಎಂಬುದನ್ನು ಲಿಖಿತವಾಗಿ ಪಡೆಯಿರಿ, ಏಕೆಂದರೆ ಗುಳ್ಳೆಯ ಮೇಲಷ್ಟೇ ಬಣ್ಣ ಬಳಿದರೆ ಅದು ಮತ್ತೆ ಉಬ್ಬುತ್ತದೆ.

ಅಲ್ಲಿಯೂ ಇತ್ಯರ್ಥವಾಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ವ್ಯಾಜ್ಯದ ಕಾರಣ ಉಂಟಾದ 2 ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ, ನೀವು ವಾಸಿಸುವ ಜಿಲ್ಲೆಯಲ್ಲಿಯೇ, ದೂರು ದಾಖಲಿಸಬಹುದು.